ಟಿಂಬರ್ ಬ್ಯಾಂಕನ್ನು ನಾಲ್ಕು ಮಾಡಿದ ಅಡೆಲಿನ್ ಕ್ವಾಲ್ಹೈಮ್

ವೈದ್ಯರಿಗೆ ಸನ್ಮಾನಗಳಾಗುತ್ತವೆ, ಅಧ್ಯಾಪಕರಿಗೆ ಅಭಿನಂದನ ಗ್ರಂಥಗಳು ಬರುತ್ತವೆ, ಬೇಸ್‌ಬಾಲ್ ತರಬೇತುದಾರ ನಾಲ್ಕು ಪಂದ್ಯ ಗೆಲ್ಲಿಸಿದರೆ ಅವನ ಹೆಸರನ್ನು ಮೈದಾನಕ್ಕೇ ಇಟ್ಟುಬಿಡುತ್ತಾರೆ. ಆದರೆ ಬ್ಯಾಂಕುಗಳ ತಪಾಸಣೆ ಮಾಡಿಕೊಂಡು ಬಾಳು ಸವೆಸಿದವರನ್ನು ಕರೆದು ಕೂರಿಸಿ ಯಾರಾದರೂ ಒಳ್ಳೆಯ ಮಾತಾಡಿದ್ದು ನಮ್ಮ ರಾಜ್ಯದಲ್ಲಿ ಇದೇ ಮೊದಲು. ಅದಕ್ಕೆ ಕಾರಣವೂ ಇದೆ. ನಮ್ಮ ಕೆಲಸ ಸರಿಯಾಗಿ ನಡೆದರೆ ಏನೂ ಆಗುವುದಿಲ್ಲ. ಏನೂ ಆಗದಿದ್ದುದಕ್ಕೆ ಯಾರೂ ಕೃತಜ್ಞತೆ ಹೇಳುವುದಿಲ್ಲ. ಈ ಕಷ್ಟದ ಕಸುಬಿನಲ್ಲಿ ಮೂವತ್ತೆಂಟು ವರ್ಷ ದುಡಿದು, ರಾಜ್ಯದ ಅತಿ ದೊಡ್ಡ ಬ್ಯಾಂಕನ್ನು ನಾಲ್ಕು ಭಾಗವಾಗಿ ಒಡೆಯುವ ಕಾನೂನಿಗೆ ಕಾರಣರಾಗಿ, ಒಡೆದ ಮೇಲೂ ಆಕಾಶ ಕಳಚಿ ಬೀಳುವುದಿಲ್ಲವೆಂದು ತೋರಿಸಿಕೊಟ್ಟ ಶ್ರೀಮತಿ ಅಡೆಲಿನ್ ಕ್ವಾಲ್ಹೈಮ್ ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ ಅವರ ಹಳೆಯ ಮೇಲಧಿಕಾರಿಯಾದ ನನಗೆ ಅವರ ಅಭಿನಂದನ ಗ್ರಂಥಕ್ಕೆ ನಾಲ್ಕು ಪುಟ ಬರೆಯುವ ಅವಕಾಶ ದೊರೆತಿದೆ. ಗ್ರಂಥದ ಸಮಿತಿಯವರು ‘ಸಿಹಿಯಾದ ನೆನಪುಗಳು ಸಾಕು’ ಎಂದು ಸೂಚಿಸಿದ್ದಾರೆ. ಅವರ ಸೂಚನೆಯನ್ನು ಅರ್ಧ ಮಾತ್ರ ಪಾಲಿಸಲಿದ್ದೇನೆ.

ಅಡೆಲಿನ್ ಅವರ ತಂದೆ ಚೀಸ್ ಕಾರ್ಖಾನೆಗಳಲ್ಲಿ ದರ್ಜೆ ನೋಡುವ ಕೆಲಸದಲ್ಲಿದ್ದರು. ದೊಡ್ಡ ಗಾಲಿಯಂಥ ಚೀಸಿಗೆ ಟೊಳ್ಳು ಕಂಬಿಯನ್ನು ಚುಚ್ಚಿ, ಒಳಗಿನ ತುಣುಕನ್ನು ಎಳೆದು, ಮೂಸಿ, ಬೆರಳಲ್ಲಿ ಹಿಸುಕಿ, ಇದು ಮಾರುಕಟ್ಟೆಗೆ, ಇದು ಹಂದಿಗೆ ಎಂದು ಹೇಳುವುದು ಅವರ ವೃತ್ತಿ. ತಯಾರಿಸಿದವನು ಎದುರಿಗೇ ನಿಂತು ಮುಖ ನೋಡುತ್ತಿರುತ್ತಾನೆ. ಆದರೂ ಮೂಗಿಗೂ ಬೆರಳಿಗೂ ತಿಳಿದದ್ದನ್ನೇ ಹೇಳಬೇಕು. ಮಗಳು ೧೯೮೧ರ ವಸಂತದಲ್ಲಿ ನಮ್ಮ ಬ್ಯಾಂಕ್ ಇಲಾಖೆಗೆ ಬಂದಾಗ ಅವರಿಗೆ ಕಲಿಸಬೇಕಾದದ್ದು ಹೆಚ್ಚೇನೂ ಉಳಿದಿರಲಿಲ್ಲ. ಅವರಿಗಿಂತ ಆರು ವರ್ಷ ಹಿರಿಯನೆಂಬ ಜಂಬ ನನಗಿತ್ತು; ಅದು ಇಳಿಯಲು ಒಂದು ಬೇಸಿಗೆ ಸಾಕಾಯಿತು.

ಆ ಕಾಲದಲ್ಲಿ ನಮ್ಮವರು ತಪಾಸಣೆಗೆ ಹೋಗುವ ರೀತಿಯೇ ಬೇರೆ. ಮುನ್ಸೂಚನೆ ಕೊಡುವಂತಿಲ್ಲ. ಬ್ಯಾಂಕಿನವರ ಕಾಫಿಯನ್ನು ಕೂಡ ಕುಡಿಯುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸರ್ಕಾರಿ ಫಲಕದ ಕಾರನ್ನು ಬ್ಯಾಂಕಿನ ಮುಂದೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಊರಿಗೆ ಊರೇ ಬ್ಯಾಂಕು ಮುಳುಗಿತೆಂದು ಓಡಿ ಬರುತ್ತದೆ. ನಾವು ಕಾರನ್ನು ಪಶು ಆಹಾರದ ಗಿರಣಿಯ ಹಿಂದೆ ಬಚ್ಚಿಟ್ಟು, ಬೀಜ ಮಾರುವವರಂತೆ ಮುಖ ಮಾಡಿಕೊಂಡು ನಡೆದು ಹೋಗುತ್ತಿದ್ದೆವು. ಅಡೆಲಿನ್ ತಮ್ಮ ಎರಡನೆಯ ವಾರದಲ್ಲೇ ಕೆಟಲ್‌ಬರ್ಗ್ ಎಂಬ ಊರಲ್ಲಿ ಈ ನಿಯಮ ಮರೆತು ಕಾರನ್ನು ಬಾಗಿಲಿಗೇ ನಿಲ್ಲಿಸಿಬಿಟ್ಟರು. ಹತ್ತು ಗಂಟೆಗೆಲ್ಲ ಹಣ ತೆಗೆಯಲು ಬಂದವರ ಸಾಲು ಬೀದಿಯ ತಿರುವು ದಾಟಿತ್ತು. ಬ್ಯಾಂಕಿನ ಮ್ಯಾನೇಜರು ಬಾಗಿಲು ಹಾಕಲು ಹೊರಟರು. ಅಡೆಲಿನ್ ಆ ಮ್ಯಾನೇಜರನ್ನು ತಡೆದು, ಇರುವ ಎರಡು ಕೌಂಟರುಗಳ ಜೊತೆ ಮೂರನೆಯದನ್ನೂ ತೆರೆಸಿ, ಕೇಳಿದವರಿಗೆಲ್ಲ ನಗುನಗುತ್ತಾ ಕೊಟ್ಟುಬಿಡಿ ಎಂದರು. ಕೇಳಿದ ಕೂಡಲೇ ಕೊಡುವ ಬ್ಯಾಂಕಿನ ಮುಂದೆ ಎಷ್ಟು ಹೊತ್ತು ಹೆದರಿಕೊಂಡು ನಿಲ್ಲಲು ಸಾಧ್ಯ? ಮಧ್ಯಾಹ್ನಕ್ಕೆ ಜನ ಮುಜುಗರದಿಂದ ತೆಗೆದದ್ದನ್ನೆಲ್ಲ ತಿರುಗಿ ಕಟ್ಟತೊಡಗಿದರು.

ಈ ಪ್ರಸಂಗವನ್ನು ಮುಚ್ಚಿಡಬಹುದಿತ್ತು. ತಂಡದಲ್ಲಿದ್ದ ನಾವು ಮೂವರೂ ಹಾಗೆಂದೇ ಮಾತಾಡಿಕೊಂಡಿದ್ದೆವು. ಆದರೆ ಅಡೆಲಿನ್ ಸಲ್ಲಿಸಿದ ವರದಿಯ ಮೊದಲನೆಯ ಸಾಲು ಹೀಗಿತ್ತು: ‘ಈ ಬ್ಯಾಂಕಿನ ಮೇಲೆ ಜನ ಮುಗಿಬಿದ್ದುದಕ್ಕೆ ಕಾರಣ ಬ್ಯಾಂಕಿನ ಸ್ಥಿತಿಯಲ್ಲ, ನನ್ನ ಕಾರು.’ ಅಂದಿನ ಆಯುಕ್ತರು ಅದನ್ನು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕರಂತೆ. ನಾನು ನಗಲಿಲ್ಲ. ಇವರ ಪಕ್ಕದಲ್ಲಿ ಕೆಲಸ ಮಾಡುವುದು ಸುಲಭವಲ್ಲ ಎಂದು ಆಗಲೇ ಅನ್ನಿಸಿತ್ತು.

ಎಂಬತ್ತರ ದಶಕದ ನಡುವೆ ಸಣ್ಣ ಬ್ಯಾಂಕುಗಳು ಒಂದೊಂದಾಗಿ ಮುಳುಗಿದವು. ಶುಕ್ರವಾರ ಸಂಜೆ ವ್ಯವಹಾರ ಮುಗಿದ ಮೇಲೆ ಬೀಗ ಹಾಕಿ, ಸೋಮವಾರ ಬೆಳಗ್ಗೆ ಬೇರೆ ಬ್ಯಾಂಕಿನ ಹೆಸರಲ್ಲಿ ತೆರೆಯುವುದು ನಮ್ಮಲ್ಲಿನ ಕ್ರಮ. ಹಾಲ್ವರ್ಸನ್ ಫಾಲ್ಸ್‌ನ ಬ್ಯಾಂಕಿಗೆ ಬೀಗ ಹಾಕಬೇಕೆಂದು ಬರೆದವರು ಅಡೆಲಿನ್ ಅವರೇ. ಅಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ಯಾಶಿಯರ್ ಆಗಿದ್ದ ಬರ್ನೀಸ್ ಹಾಲ್ಟರ್ ಎಂಬ ಹೆಂಗಸು ತನ್ನ ಹೆಸರಿನ ಹಿತ್ತಾಳೆ ಫಲಕವನ್ನು ಬ್ಯಾಗಿಗೆ ಹಾಕಿಕೊಂಡು ಅಳುತ್ತಾ ಹೊರಟಿದ್ದರು. ಅಡೆಲಿನ್ ಆ ಶನಿವಾರವಿಡೀ ಹೊಸ ಮಾಲೀಕರ ಬೆನ್ನು ಹತ್ತಿ, ಊರಿನ ಎಲ್ಲರ ಸಹಿಯನ್ನೂ ಗುರುತು ಹಿಡಿಯಬಲ್ಲ ಈ ಒಬ್ಬರನ್ನು ಬಿಟ್ಟರೆ ನಿಮಗೆ ಕೈ ಮುರಿದಂತೆ ಎಂದು ವಾದಿಸಿ, ಸೋಮವಾರ ಅದೇ ಫಲಕವನ್ನು ಅದೇ ಕೌಂಟರಿನ ಮೇಲೆ ಇಡಿಸಿದರು. ಕಠಿಣವಾಗಿ ಬರೆಯುವ ಕೈಯೇ ಮೃದುವಾಗಿಯೂ ನಡೆದುಕೊಳ್ಳಬಲ್ಲದು ಎಂಬುದನ್ನು ಇಲಾಖೆಯ ಕಿರಿಯರು ಕಲಿತದ್ದು ಅವರನ್ನು ನೋಡಿ.

ಆಮೇಲೆ ಬಂದದ್ದು ನುಂಗುವವರ ಕಾಲ. ಸರೋವರದ ದಡದ ನಗರದಲ್ಲಿದ್ದ ಲೇಕ್ಸ್ ಅಂಡ್ ಟಿಂಬರ್ ಬ್ಯಾಂಕು, ನಮ್ಮ ಬಾಯಲ್ಲಿ ಬರೀ ಟಿಂಬರ್ ಬ್ಯಾಂಕು, ಹದಿನಾಲ್ಕು ವರ್ಷದಲ್ಲಿ ನಲವತ್ತೊಂದು ಬ್ಯಾಂಕುಗಳನ್ನು ನುಂಗಿ ನೀರು ಕುಡಿಯಿತು. ಹಾಲ್ವರ್ಸನ್ ಫಾಲ್ಸ್‌ನದೂ ಅದರ ಹೊಟ್ಟೆಗೇ ಹೋಯಿತು. ಠೇವಣಿ, ವಿಮೆ, ಷೇರಿನ ಜೂಜು ಎಲ್ಲ ಒಂದೇ ಸೂರಿನ ಕೆಳಗೆ ಬಂದವು. ಶಾಸನಸಭೆ ಹಳೆಯ ನಿರ್ಬಂಧಗಳನ್ನು ಒಂದೊಂದಾಗಿ ಸಡಿಲಿಸಿತು. ಆನೆ ನಡೆದದ್ದೇ ದಾರಿಯಾಯಿತು. ಅದರ ಅಧ್ಯಕ್ಷ ರೋಲಂಡ್ ಟ್ರೆಸ್ಕಾಟ್ ನಮ್ಮ ತಪಾಸಕರಿಗೆ ತನ್ನ ಕಟ್ಟಡದ ಇಪ್ಪತ್ತನಾಲ್ಕನೆಯ ಮಹಡಿಯಲ್ಲಿ ಸರೋವರ ಕಾಣುವ ಕೋಣೆ ಕೊಟ್ಟ. ಹತ್ತೊಂಬತ್ತು ಜನ ನೋಡುತ್ತಿದ್ದ ಕೆಲಸವನ್ನು ಆರು ಜನಕ್ಕೆ ಇಳಿಸಿದ್ದು ನಾವೇ. ಅವರ ಲೆಕ್ಕಿಗರೇ ಬುದ್ಧಿವಂತರು, ಅವರೇ ನೋಡಿಕೊಳ್ಳುತ್ತಾರೆ ಎಂಬುದು ಅಂದಿನ ಮಂತ್ರ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ನಮ್ಮ ಇಲಾಖೆಯ ಸಂಬಳ ರಾಜ್ಯದ ಬೊಕ್ಕಸದಿಂದ ಬರುವುದಿಲ್ಲ. ನಾವು ಯಾವ ಬ್ಯಾಂಕುಗಳನ್ನು ಪರೀಕ್ಷಿಸುತ್ತೇವೆಯೋ ಅವು ಕಟ್ಟುವ ಶುಲ್ಕದಿಂದ ಬರುತ್ತದೆ. ಬ್ಯಾಂಕಿಗೆ ನಮ್ಮ ಮೇಲೆ ಮುನಿಸು ಬಂದರೆ ತನ್ನ ಪರವಾನಗಿಯನ್ನು ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ ಕಚೇರಿಗೆ ವರ್ಗಾಯಿಸಿಕೊಂಡು ಶುಲ್ಕವನ್ನೂ ಜೊತೆಗೇ ಒಯ್ಯಬಹುದು. ಸಣ್ಣ ಬ್ಯಾಂಕುಗಳು ನೂರಾರು ಇದ್ದಾಗ ಇದೊಂದು ಸಮಸ್ಯೆಯೇ ಆಗಿರಲಿಲ್ಲ. ಆದರೆ ೨೦೦೬ರ ಹೊತ್ತಿಗೆ ನಮ್ಮ ಆದಾಯದ ಹತ್ತರಲ್ಲಿ ನಾಲ್ಕು ಪಾಲು ಟಿಂಬರ್ ಬ್ಯಾಂಕ್ ಒಂದರದೇ ಆಗಿತ್ತು. ಬೇಲಿಗೆ ಹೊಲವೇ ಕೂಲಿ ಕೊಡುತ್ತಿತ್ತು.

ಆ ವರ್ಷ ಟಿಂಬರ್ ಬ್ಯಾಂಕಿನ ತಪಾಸಣೆಯ ಹೊಣೆ ಅಡೆಲಿನ್ ಅವರದು. ನಾವು ಬ್ಯಾಂಕುಗಳಿಗೆ ಒಂದರಿಂದ ಐದರವರೆಗೆ ಅಂಕ ಹಾಕುತ್ತೇವೆ. ಒಂದು ಎಂದರೆ ಗಟ್ಟಿಮುಟ್ಟು, ಐದು ಎಂದರೆ ಬೀಗ. ಮೂರು ಬಂದ ಬ್ಯಾಂಕು, ತಾನು ಜನರಿಂದ ಸಾಲ ಎತ್ತಲು ಹೊರಡಿಸುವ, ಠೇವಣಿಯಂತೆ ವಿಮೆಯಿಲ್ಲದ ಸಾಲಪತ್ರಗಳನ್ನು ಕೌಂಟರಿನಲ್ಲಿ ಸಾಮಾನ್ಯ ಜನರಿಗೆ ಮಾರುವಂತಿಲ್ಲ. ಅಡೆಲಿನ್ ಮೂರು ಹಾಕಿದರು. ಅಂದು ನಾನು ಉಪ ಆಯುಕ್ತ. ಅಕ್ಟೋಬರಿನ ಒಂದು ಮಧ್ಯಾಹ್ನ ಅವರನ್ನು ನನ್ನ ಕೋಣೆಗೆ ಕರೆಸಿದೆ. ನಡೆದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ.

“ಅಡೆಲಿನ್, ಇದನ್ನ ಎರಡು ಮಾಡಿ.”

“ಮೂರು ಅಂತ ಹಾಕಿರೋದೇ ದಾಕ್ಷಿಣ್ಯಕ್ಕೆ, ಓರಿನ್. ನ್ಯಾಯವಾಗಿ ನಾಲ್ಕಾಗ್ಬೇಕು.”

“ಟ್ರೆಸ್ಕಾಟ್ ಫೋನ್ ಮಾಡಿದ್ದ. ಮೂರು ಬಂದ್ರೆ ಪರವಾನಗಿ ವಾಷಿಂಗ್ಟನ್‌ಗೆ ಮಾಡಿಸ್ಕೋತಾನಂತೆ. ಅವನು ಎದ್ದುಹೋದ್ರೆ ನಾವು ಮೂವತ್ತೊಂದು ಜನರನ್ನ ಮನೆಗೆ ಕಳಿಸ್ಬೇಕಾಗುತ್ತೆ. ಪಟ್ಟಿ ಇಲ್ಲೇ ಇದೆ, ನೋಡ್ತೀರಾ?”

“ನಾನಿದೀನಾ ಅದರಲ್ಲಿ?”

“ಇಲ್ಲ.”

“ಹಾಗಾದ್ರೆ ಕಷ್ಟ ಬಂತು. ಇದ್ದಿದ್ರೆ ಆಗಲ್ಲ ಅನ್ನೋಕೆ ಸುಲಭವಾಗ್ತಿತ್ತು.”

ಅವರು ಆ ಪಟ್ಟಿಯನ್ನು ತೆಗೆದುಕೊಂಡು ನಿಧಾನವಾಗಿ ಓದಿದರು. ಆಗತಾನೇ ಅವಳಿ ಮಕ್ಕಳಾದವಳು ಅದರಲ್ಲಿದ್ದಳು, ಹೆಂಡತಿಗೆ ಕ್ಯಾನ್ಸರ್ ಆಗಿದ್ದವನು ಇದ್ದ. ಆ ಹೆಸರುಗಳನ್ನು ಮೇಲೆಯೇ ಕಾಣುವಂತೆ ಬರೆಸಿದ್ದವನು ನಾನು, ಇದನ್ನೂ ಒಪ್ಪಿಕೊಂಡುಬಿಡುತ್ತೇನೆ. ಅವರು ಅಂಕವನ್ನು ಎರಡು ಮಾಡಿ, ಸಹಿ ಹಾಕಿ, ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡು ಹೋದರು. ನಾನು ಆ ವಾರ ಚೆನ್ನಾಗಿಯೇ ನಿದ್ದೆ ಮಾಡಿದೆ. ಮೂವತ್ತೊಂದು ಮನೆ ಉಳಿಸಿದೆನೆಂದು ಹೆಂಡತಿಯ ಮುಂದೆ ಕೊಚ್ಚಿಕೊಂಡದ್ದೂ ಉಂಟು.

ಎರಡು ವರ್ಷದಲ್ಲಿ ಎಲ್ಲ ಕುಸಿಯಿತು. ಟಿಂಬರ್ ಬ್ಯಾಂಕು ಮುಳುಗಲು ಬಿಡಲಾಗದಷ್ಟು ದೊಡ್ಡದೆಂದು ಅದನ್ನು ಜನರ ತೆರಿಗೆಯಿಂದ ಎತ್ತಿ ನಿಲ್ಲಿಸಿದರು. ಟ್ರೆಸ್ಕಾಟ್ ಕೈತುಂಬ ಪಡೆದುಕೊಂಡು ಫ್ಲಾರಿಡಾಕ್ಕೆ ಹೋದ. ಅದರ ಸಾಲಪತ್ರ ಕೊಂಡಿದ್ದವರನ್ನು ಮಾತ್ರ ಯಾರೂ ಎತ್ತಲಿಲ್ಲ. ಹಾಲ್ವರ್ಸನ್ ಫಾಲ್ಸ್‌ನ ಬರ್ನೀಸ್, ಮೇಲಿನವರು ಹೇಳಿದ್ದನ್ನು ನಂಬಿ, ಆ ಪತ್ರಗಳನ್ನು ತನ್ನ ತಂಗಿಗೆ ಮಾರಿದ್ದರು, ಚರ್ಚಿನ ಪಾದ್ರಿಗೆ ಮಾರಿದ್ದರು, ನಿವೃತ್ತಿಯ ಆಸರೆಗೆಂದು ತಾವೂ ಕೊಂಡಿದ್ದರು. ಊರಲ್ಲಿ ಅವರಿಗೆ ಮುಖವೆತ್ತಿ ಓಡಾಡಲಾಗದ ಸ್ಥಿತಿ ಬಂತು. ಅಡೆಲಿನ್ ಅವರು ಮೂರು ಗಂಟೆ ಕಾರು ಓಡಿಸಿಕೊಂಡು ಹೋಗಿ, ಅವರ ಅಡಿಗೆಮನೆಯಲ್ಲಿ ಕೂತು, “ನೀವು ಮಾರೋ ಹಾಗಾಗಿದ್ದು ನನ್ನ ಸಹಿಯಿಂದ, ಬರ್ನೀಸ್. ಊರಿನವರು ಬೈಯೋದಾದ್ರೆ ನನ್ನ ಬೈಯಲಿ” ಎಂದರಂತೆ. ಅದಕ್ಕೆ ಬರ್ನೀಸ್, “ಬೈಯೋಕೆ ನಂಗೂ ಆಸೆ ಇದೆ. ಆದ್ರೆ ನಿಮ್ಮನ್ನ ಬೈದ್ರೆ ಆ ದೊಡ್ಡವರಿಗೆ ತಗಲುತ್ತಾ? ಅವರಿಗೆ ತಗಲೋ ಹಾಗೆ ಏನಾದ್ರೂ ಮಾಡಿ” ಎಂದರಂತೆ. ಇದನ್ನು ನನಗೆ ಹೇಳಿದವರು ಬರ್ನೀಸ್ ಅವರೇ.

ಅಲ್ಲಿಂದ ಮುಂದಿನ ಎರಡು ವರ್ಷ ಅಡೆಲಿನ್ ಅವರದು ಒಂದೇ ಧ್ಯಾನ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು ಎಲ್ಲ ಕಡೆ ಇರುತ್ತಾರೆ. ನಮ್ಮ ಶಾಸನಸಭೆಯಲ್ಲೂ ಹೊಸ ನಿಯಮಗಳ ದಪ್ಪ ಪುಸ್ತಕವೊಂದು ತಯಾರಾಗಿತ್ತು. ಪುಸ್ತಕ ದಪ್ಪವಾದರೆ ಸಾಕು, ಬ್ಯಾಂಕು ಎಷ್ಟು ದೊಡ್ಡದಿದ್ದರೇನು ಎಂಬುದು ಬಹುಮತದ ಅಭಿಪ್ರಾಯ. ೨೦೧೧ರ ಮಾರ್ಚ್‌ನಲ್ಲಿ ಅಡೆಲಿನ್ ಸಾಕ್ಷಿ ಹೇಳಲು ಶಾಸನಸಭೆಯ ಸಮಿತಿಯ ಮುಂದೆ ಹೋದರು. ಟಿಂಬರ್ ಬ್ಯಾಂಕಿನ ಹನ್ನೊಂದು ಮಂದಿ ವಕೀಲರು ಎಡಗಡೆ ಸಾಲಾಗಿ ಕೂತಿದ್ದರು. ಅಡೆಲಿನ್ ಹಾಳೆ ಬಿಚ್ಚದೆ ಮಾತು ಶುರು ಮಾಡಿದರು.

“ಹಾಲ್ವರ್ಸನ್ ಫಾಲ್ಸ್‌ನ ಸಣ್ಣ ಬ್ಯಾಂಕಿಗೆ ನಾನು ಐದು ಅಂತ ಬರೆದೆ. ಯಾರೂ ಫೋನ್ ಮಾಡ್ಲಿಲ್ಲ. ಈ ಬ್ಯಾಂಕಿಗೆ ಮೂರು ಅಂತ ಬರೆದು, ಅದನ್ನ ಅಳಿಸಿ ಎರಡು ಮಾಡಿದೆ. ಅದು ತಪ್ಪು ಅಂತ ಗೊತ್ತಿದ್ದೇ ಮಾಡಿದೆ. ನಿಯಮ ಎರಡು ಕಡೆನೂ ಒಂದೇ, ನಾನೂ ಅವಳೇ. ಬದಲಾಗಿದ್ದು ಬ್ಯಾಂಕಿನ ಗಾತ್ರ ಮಾತ್ರ. ನೀವು ಎಷ್ಟು ಬಿಗಿ ನಿಯಮ ಮಾಡಿಕೊಟ್ರೂ, ಅದು ಇಷ್ಟು ದೊಡ್ಡದಾಗೇ ಇದ್ರೆ ನನ್ನಂಥೋಳು ನಾಳೆ ಮತ್ತೆ ಎರಡು ಅಂತಾನೇ ಬರೀತಾಳೆ. ಮೊದಲು ಅದನ್ನ ನಮ್ಮ ಕೈಗೆ ನಿಲುಕೋ ಅಷ್ಟು ಸಣ್ಣದು ಮಾಡಿ. ಆಮೇಲೆ ನಿಯಮ ಕೊಡಿ.”

ಸಭೆಯಲ್ಲಿ ಗುಜುಗುಜು ಎದ್ದಿತು. ಸಮಿತಿಯ ಅಧ್ಯಕ್ಷ ಸೆನೆಟರ್ ಡೆನಿಂಗರ್ ಮುಂದಕ್ಕೆ ಬಾಗಿ ಕೇಳಿದರು. “ನೀವಾಗೇ ಅಳಿಸಿದ್ರಾ ಮೇಡಂ, ಇಲ್ಲಾ ಯಾರಾದ್ರೂ ಅಳಿಸು ಅಂದ್ರಾ?”

“ಸಹಿ ನಂದು, ಸರ್.”

“ನಾನು ಕೇಳಿದ್ದು ಅದಲ್ಲ.”

“ಗೊತ್ತು ಸರ್. ನನ್ನ ತಪ್ಪನ್ನ ನಾನು ಹೇಳಿದೀನಿ. ಬೇರೆಯವರದನ್ನ ಬೇರೆಯವರು ಹೇಳ್ಬೇಕು.”

ನಾನು ಮೂರನೆಯ ಸಾಲಿನಲ್ಲಿ ಕೂತಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು. ಏಳಲಿಲ್ಲ.

ಬ್ಯಾಂಕನ್ನು ಒಡೆಯುವ ಕಾನೂನು ಎರಡು ಮತಗಳ ಅಂತರದಲ್ಲಿ ಗೆದ್ದಿತು. ಟಿಂಬರ್ ಬ್ಯಾಂಕು ನಾಲ್ಕು ಪ್ರಾಂತೀಯ ಬ್ಯಾಂಕುಗಳಾಯಿತು. ಷೇರಿನ ವ್ಯವಹಾರವನ್ನು ಕತ್ತರಿಸಿ ಬೇರೆ ಮನೆಗೆ ಕಳಿಸಲಾಯಿತು. ಠೇವಣಿಯ ಬ್ಯಾಂಕಿನ ಕೌಂಟರಿನಲ್ಲಿ ಸಾಲಪತ್ರ ಮಾರುವುದು ನಿಂತಿತು. ಯಾವ ಒಂದು ಬ್ಯಾಂಕಿನ ಶುಲ್ಕವೂ ಇಲಾಖೆಯ ಆದಾಯದ ಇಪ್ಪತ್ತರಲ್ಲಿ ಒಂದು ಪಾಲನ್ನು ಮೀರದಂತೆ ಆಯಿತು. ಒಡೆಯುವ ಉಸ್ತುವಾರಿ ಅಡೆಲಿನ್ ಅವರ ಹೆಗಲಿಗೇ ಬಿತ್ತು. ಆ ಮೂರು ವರ್ಷಗಳ ಕಥೆ ಬರೆದರೆ ಇನ್ನೊಂದು ಗ್ರಂಥವಾದೀತು. ಕಂಪ್ಯೂಟರುಗಳನ್ನೂ ತಿಜೋರಿಗಳನ್ನೂ ಹಂಚುವುದು ಕಷ್ಟವಾಗಲಿಲ್ಲ. ರಾಜ್ಯದ ಪಂದ್ಯ ಗೆದ್ದಿದ್ದ ಬ್ಯಾಂಕಿನ ಸಾಫ್ಟ್‌ಬಾಲ್ ತಂಡ ಯಾರಿಗೆ ಸೇರಬೇಕೆಂಬ ಜಗಳ ನಾಲ್ಕು ತಿಂಗಳು ನಡೆಯಿತು. ಚೆಂಡೆಸೆಯುವ ಪಿಚರ್ ಉತ್ತರದ ಬ್ಯಾಂಕಿಗೆ, ಅದನ್ನು ಹಿಡಿಯುವ ಕ್ಯಾಚರ್ ದಕ್ಷಿಣದ ಬ್ಯಾಂಕಿಗೆ ಹೋದರೆ ಆಟವೇ ಇಲ್ಲವಲ್ಲ ಎಂದು ನಾಲ್ಕೂ ಬ್ಯಾಂಕಿನವರು ಗೋಳಾಡಿದರು. “ಈಗ ಒಬ್ಬರ ಎದುರಿಗೆ ಒಬ್ಬರು ಆಡಿ. ಬ್ಯಾಂಕು ಒಡೆದಿದ್ದೇ ಅದಕ್ಕೆ” ಎಂದು ಅಡೆಲಿನ್ ಕಡತ ಮುಚ್ಚಿದರು.

ಸಾಲ ಸಿಗುವುದಿಲ್ಲ, ಉದ್ಯೋಗ ಹೋಗುತ್ತದೆ, ರಾಜ್ಯ ಬರಡಾಗುತ್ತದೆ ಎಂದು ಹೆದರಿಸಿದವರು ಬಹಳ. ಏನೂ ಆಗಲಿಲ್ಲ. ನಾಲ್ಕರಲ್ಲಿ ಒಂದು ಬ್ಯಾಂಕಿಗೆ ಎರಡನೆಯ ವರ್ಷವೇ ಅಡೆಲಿನ್ ನಾಲ್ಕು ಅಂಕ ಹಾಕಿದರು. ಅದರ ಅಧ್ಯಕ್ಷ ಹಾರಾಡಿದ, ಪರವಾನಗಿ ಬದಲಿಸುವ ಬೆದರಿಕೆ ಹಾಕಿದ. ಹೋಗುವುದಾದರೆ ಹೋಗಿ ಎಂಬ ಉತ್ತರ ಇಲಾಖೆಯಿಂದ ಹೋಯಿತು. ಅವನು ಹೋಗಲಿಲ್ಲ, ಬಾಯಿ ಮುಚ್ಚಿಕೊಂಡು ಬ್ಯಾಂಕನ್ನು ಸರಿಪಡಿಸಿದ. ಅದು ಇಂದು ನಾಲ್ಕರಲ್ಲೂ ಗಟ್ಟಿಯಾದದ್ದು. ಹಾಗಾಗಿ ದೊಡ್ಡ ಬ್ಯಾಂಕುಗಳನ್ನು ಒಡೆಯುವುದು ಕನಸುಗಾರರ ಮಾತೆಂದು ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ನಮ್ಮಲ್ಲಿ ಒಡೆದಾಗಿದೆ, ಐದು ವರ್ಷ ನಡೆದೂ ಆಗಿದೆ.

ಆದರೆ ನುಂಗುವ ಹಸಿವು ಸುಲಭಕ್ಕೆ ಸಾಯುವುದಿಲ್ಲ. ಈ ಚಳಿಗಾಲ ಶಾಸನಸಭೆಯ ಮುಂದೆ ಆ ಕಾನೂನನ್ನು ರದ್ದು ಮಾಡಿ, ನಾಲ್ಕನ್ನೂ ಮತ್ತೆ ಒಂದು ಮಾಡುವ ಮಸೂದೆ ಬಂದಿದೆ. ಅದನ್ನು ತಂದವರು ಹಂಚುತ್ತಿರುವ ಕರಪತ್ರದ ವಾದ ಬಲು ಸರಳ: ಹಳೆಯ ವ್ಯವಸ್ಥೆಯಲ್ಲಿ ದೋಷವಿರಲಿಲ್ಲ, ಗಾತ್ರದಲ್ಲಿ ದೋಷವಿರಲಿಲ್ಲ, ಒಬ್ಬ ಅಸಡ್ಡೆಯ ಪರೀಕ್ಷಕಿ ತಪ್ಪು ಅಂಕ ಹಾಕಿದಳು, ಅದನ್ನು ಅವಳೇ ಸಭೆಯ ಮುಂದೆ ಒಪ್ಪಿಕೊಂಡಿದ್ದಾಳೆ. ಅಡೆಲಿನ್ ಅವರ ಪ್ರಾಮಾಣಿಕತೆಯನ್ನೇ ಹಗ್ಗ ಮಾಡಿ ಅವರ ಕುತ್ತಿಗೆಗೆ ಹಾಕಿದ್ದಾರೆ. ಅದನ್ನು ಓದಿದ ದಿನ ನನಗೆ ಅನ್ನಿಸಿದ್ದು ಸಿಟ್ಟಲ್ಲ, ನಾಚಿಕೆ.

ಅದರ ಮುಂದಿನ ಶುಕ್ರವಾರ, ನಮ್ಮ ಕಡೆಯ ರೂಢಿಯಂತೆ, ಮೀನೂಟಕ್ಕೆ ಅವರನ್ನು ಕರೆದುಕೊಂಡು ಹೋದೆ. ರೈ ಬ್ರೆಡ್ಡು, ಎಲೆಕೋಸಿನ ಪಚಡಿ, ಕರಿದ ಪರ್ಚ್ ಮೀನು ಮೇಜಿಗೆ ಬರುವ ತನಕ ಹವೆಯ ಮಾತಾಡಿದೆವು.

“ನನ್ನ ಬಗ್ಗೆ ಏನೋ ಬರೀತಿದೀರಂತೆ?”

“ಹೂಂ. ಬರೆಯೋಕೆ ಮುಂಚೆ ಒಂದು ಮಾತು ಹೇಳ್ಬೇಕಿತ್ತು. ಅವತ್ತು ಸಭೇಲಿ ನನ್ನ ಹೆಸರು ಹೇಳದೆ ಉಳಿಸಿದ್ರಿ. ಆ ಋಣ ನಾನು ಯಾವತ್ತೂ...”

“ಉಳಿಸಿದೆ ಅಂದ್ಕೊಂಡಿದೀರಾ?” ಅಡೆಲಿನ್ ಮುಳ್ಳುಚಮಚ ಕೆಳಗಿಟ್ಟರು. “ನಾನು ಕಾಯ್ತಿದ್ದೆ, ಓರಿನ್. ನೀವು ಎದ್ದು ನಿಲ್ತೀರಿ ಅಂತ. ಅವತ್ತು ಊಟದ ಬಿಡುವಿನ ತನಕ ತಿರುಗಿ ತಿರುಗಿ ನೋಡಿದೆ. ಆಮೇಲೂ ಎಂಟು ವರ್ಷ ಕಾದೆ. ಇನ್ನೂ ಕಾಯ್ತಾ ಇದೀನಿ. ನಿಂಬೆಹಣ್ಣು ಈ ಕಡೆ ಕೊಡಿ.”

ಎಂಟು ವರ್ಷ ನಾನು ದಯೆಯೆಂದು ತಿಳಿದುಕೊಂಡದ್ದು ದಯೆಯಾಗಿರಲಿಲ್ಲ. ಅದು ನನ್ನ ಮೇಲೆ ಅವರು ಇಟ್ಟಿದ್ದ ನಂಬಿಕೆ. ಇದಕ್ಕಿಂತ ದೊಡ್ಡ ಗೌರವ ನನ್ನ ಸೇವಾವಧಿಯಲ್ಲಿ ನನಗೆ ಸಂದಿಲ್ಲ, ಇದಕ್ಕಿಂತ ಚೆನ್ನಾಗಿ ನನ್ನನ್ನು ಯಾರೂ ಬೈದಿಲ್ಲ.

ಆದ್ದರಿಂದ ಈ ಗ್ರಂಥದಲ್ಲಿ ದಾಖಲಾಗಲಿ: ೨೦೦೬ರಲ್ಲಿ ಆ ಅಂಕವನ್ನು ಬದಲಿಸಲು ಹೇಳಿದವನು ನಾನು. ಹೇಳಲು ಕಾರಣ ಅಸಡ್ಡೆಯಲ್ಲ, ಭಯ. ಭಯಕ್ಕೆ ಕಾರಣ ಒಂದು ಬ್ಯಾಂಕು ರಾಜ್ಯಕ್ಕಿಂತ ದೊಡ್ಡದಾಗಿ ಬೆಳೆದದ್ದು. ಅಂಥ ಬ್ಯಾಂಕು ಮತ್ತೆ ಹುಟ್ಟಿದರೆ ಅಂಥ ಉಪ ಆಯುಕ್ತನೂ ಮತ್ತೆ ಹುಟ್ಟುತ್ತಾನೆ, ನಾನು ಬಲ್ಲೆ.

ಶ್ರೀಮತಿ ಅಡೆಲಿನ್ ಕ್ವಾಲ್ಹೈಮ್ ಅವರಿಗೆ ದೀರ್ಘಾಯುಸ್ಸು ದೊರೆಯಲಿ, ಕಣ್ಣು ಚುರುಕಾಗಿಯೇ ಇರಲಿ, ಅವರ ಪೆನ್ನಿಗೆ ಹೆದರಬೇಕಾದವರು ಇನ್ನೂ ಬಹುಕಾಲ ಹೆದರುತ್ತಿರಲಿ. ವಿಶ್ರಾಂತಿ ಸಿಗಲಿ ಎಂದು ಹಾರೈಸುವುದಿಲ್ಲ. ಅದು ಅವರಿಗೆ ಬೇಕಾಗಿಯೂ ಇಲ್ಲ. ಬರುವ ತಿಂಗಳ ಹನ್ನೊಂದರಂದು ಮಸೂದೆಯ ವಿಚಾರಣೆಗೆ ಅವರು ಮತ್ತೆ ಸಮಿತಿಯ ಮುಂದೆ ಹೋಗುತ್ತಿದ್ದಾರೆ. ನಿನ್ನೆ ಬೆಳಗ್ಗೆ ಸಮಿತಿಯ ಕಚೇರಿಗೆ ಹೋಗಿ, ಸಾಕ್ಷಿಗಳ ಪಟ್ಟಿಯಲ್ಲಿ ಅವರಿಗಿಂತ ಮೊದಲು ನನ್ನ ಹೆಸರು ಬರೆಸಿ ಬಂದಿದ್ದೇನೆ.

ಓರಿನ್ ಪಾಚೋವ್‌ಸ್ಕಿ
ನಿವೃತ್ತ ಉಪ ಆಯುಕ್ತ